ಕಾರವಾರದ ಡಕ್ಟ್ ಬೆವರುತ್ತದೆ, ವಿಜಯಪುರದ್ದು ಬೆವರುವುದಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಬೆಳಗಾವಿಯ ಟಿಳಕವಾಡಿಯವರು. ಕಾರವಾರದಲ್ಲಿ ನಮ್ಮ ಯಜಮಾನರ ತಂದೆ ಕಟ್ಟಿಸಿದ ಮನೆ ಇದೆ, ಸಮುದ್ರಕ್ಕೆ ತೀರ ಹತ್ತಿರ. ಕೆಲವು ವರ್ಷಗಳ ಹಿಂದೆ ಹಾಲ್‌ಗೂ ಎರಡು ಬೆಡ್‌ರೂಮಿಗೂ ಸೇರಿಸಿ ಡಕ್ಟ್ ಎಸಿ (ಒಂದೇ ಯೂನಿಟ್‌ನಿಂದ ತಗಡಿನ ಕೊಳವೆಗಳಲ್ಲಿ ಕೋಣೆಗಳಿಗೆ ತಂಪು ಗಾಳಿ ಹೋಗುವಂಥದ್ದು) ಹಾಕಿಸಿದೆವು. ಈಗ ಫಾಲ್ಸ್ ಸೀಲಿಂಗ್ ಮೇಲೆ ಕಂದು ಕಲೆ ಬಿದ್ದಿವೆ. ಗ್ರಿಲ್ ಸುತ್ತ ಕಪ್ಪು ಬೂಷ್ಟು ಬಂದಿದೆ. ಒಂದೆರಡು ಕಡೆ ನೀರು ತೊಟ್ಟಿಕ್ಕುತ್ತದೆ. ತಂಪೂ ಸಾಲುತ್ತಿಲ್ಲ. ಮೆಕ್ಯಾನಿಕ್ ಬಂದು ಬೂದು ಬಣ್ಣದ ಬಟ್ಟೆ ಟೇಪ್ ಸುತ್ತಿ ಹೋದ. ಒಂದು ಮಳೆಗಾಲದಲ್ಲೇ ಕಿತ್ತು ಬಂತು. ಈಗ ‘ಗ್ಯಾಸ್ ಕಮ್ಮಿ ಆಗಿದೆ’ ಅನ್ನುತ್ತಾನೆ. ಎಲ್ಲ ಕಿತ್ತು ಹೊಸ ಡಕ್ಟ್ ಹಾಕಿಸಬೇಕಾ?

ಉತ್ತರ: ಅಕ್ಕಾವರೇ, ಗ್ಯಾಸ್ ಹಾಕಿಸುವ ಮೊದಲು ಒಂದು ಕೆಲಸ ಮಾಡಿ. ಎಸಿ ಒಂದು ತಾಸು ಓಡಿದ ಮೇಲೆ ಯೂನಿಟ್ ಬಳಿಯ ತಾಮ್ರದ ಪೈಪ್ ಮತ್ತು ಗಾಳಿಯನ್ನು ತಂಪು ಮಾಡುವ ಕಾಯಿಲ್ ನೋಡಿಸಿ. ಮಂಜುಗಡ್ಡೆ ಕಟ್ಟಿದ್ದರೆ ಗ್ಯಾಸ್ ಕಡಿಮೆಯಾಗಿರಬಹುದು, ಇಲ್ಲವೇ ಫಿಲ್ಟರ್ ಕಟ್ಟಿ ಗಾಳಿ ಸಾಗುತ್ತಿಲ್ಲ. ಮಂಜು ಇಲ್ಲದಿದ್ದರೆ, ಅಳೆದು ತೋರಿಸದೆ ಆ ಮಾತನ್ನು ಒಪ್ಪಬೇಡಿ. ನಮ್ಮ ಕಡೆ ಎಸಿಗೆ ಏನಾದರೂ ಮೊದಲು ಕೇಳಿಬರುವುದು ಗ್ಯಾಸಿನ ಮಾತೇ.

ನೀರು ಎಲ್ಲಿಂದ ಬರುತ್ತಿದೆ ಅನ್ನುವುದು ಮುಂದಿನ ಪ್ರಶ್ನೆ. ಯೂನಿಟ್ ಕೆಳಗಿನ ಡ್ರೈನ್ ತಟ್ಟೆಗೆ ಒಂದು ಮಗ್ ನೀರು ಸುರಿಯಿರಿ. ಹೊರಗಿನ ಪೈಪಿನಿಂದ ಸರಾಗ ಬಂದರೆ ಡ್ರೈನ್ ಸರಿ ಇದೆ. ನಿಂತರೆ ಪೈಪ್ ಕಟ್ಟಿದೆ, ಅದು ಸಣ್ಣ ಕೆಲಸ. ಕಲೆ ಯೂನಿಟ್ ಕೆಳಗಷ್ಟೇ ಇಲ್ಲದೆ ಡಕ್ಟ್ ಹೋದ ದಾರಿಯುದ್ದಕ್ಕೂ, ಅದರಲ್ಲೂ ಜೋಡಣೆಗಳ ಕೆಳಗೆ ಇದ್ದರೆ, ಅದು ಡಕ್ಟಿನ ಬೆವರು. ನೀವು ಬರೆದದ್ದನ್ನು ನೋಡಿದರೆ ಇದೇ ಅನಿಸುತ್ತದೆ.

ತಣ್ಣೀರಿನ ತಂಬಿಗೆ ಹೊರಗಡೆ ಹನಿಗಟ್ಟುತ್ತದಲ್ಲ, ಇದೂ ಹಾಗೇ. ಲೆಕ್ಕ ನೋಡಿ. ಗಾಳಿ 32 ಡಿಗ್ರಿ ಇದ್ದು ತೇವ ಶೇಕಡಾ 75 ಇದ್ದರೆ, 27 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ಆ ಗಾಳಿ ಹನಿಗಟ್ಟುತ್ತದೆ. ಕರಾವಳಿಯಲ್ಲಿ ಇಂಥ ದಿನ ಅಪರೂಪವಲ್ಲ. ಎಸಿ ಡಕ್ಟಿನೊಳಗೆ ಹರಿಯುವ ಗಾಳಿಯೋ 12–14 ಡಿಗ್ರಿ. ಬರಿ ತಗಡು ಎಲ್ಲಿ ಕಂಡರೂ ಅಲ್ಲಿ ನೀರು. ಅದೇ ವಿಜಯಪುರದ ಏಪ್ರಿಲ್ ಮಧ್ಯಾಹ್ನ, 40 ಡಿಗ್ರಿ, ತೇವ ಶೇಕಡಾ 20 ಅಂದುಕೊಳ್ಳಿ. ಅಲ್ಲಿ ಹನಿಗಟ್ಟಲು 13 ಡಿಗ್ರಿಯ ಸುಮಾರಿಗೆ ಇಳಿಯಬೇಕು, ಡಕ್ಟಿನ ಹೊರಮೈ ಅಷ್ಟು ತಣ್ಣಗಾಗುವುದು ಕಡಿಮೆ. ಅದಕ್ಕೇ ಅಲ್ಲಿ ಡಕ್ಟ್ ಸೋರಿದರೆ ಕರೆಂಟ್ ಬಿಲ್ ಏರುತ್ತದೆ ಅಷ್ಟೇ. ಕಾರವಾರದಲ್ಲಿ ಸೋರಿದರೆ ಸೀಲಿಂಗ್ ಕೊಳೆಯುತ್ತದೆ.

ಸೋರಿಕೆ ಇದಕ್ಕೆ ಹೇಗೆ ಸೇರುತ್ತದೆ? ತಂಪು ಗಾಳಿ ಜೋಡಣೆಯಿಂದ ಫಾಲ್ಸ್ ಸೀಲಿಂಗ್ ಮೇಲಿನ ಪೊಳ್ಳಿಗೆ ನುಗ್ಗುತ್ತದೆ. ಅಲ್ಲಿನ ಜಿಪ್ಸಂ ಹಲಗೆ, ಕಬ್ಬಿಣದ ಪಟ್ಟಿ ಎಲ್ಲ ತಣ್ಣಗಾಗುತ್ತವೆ. ಹಳೆಯ ಮನೆ ಅಂದಮೇಲೆ ಆ ಪೊಳ್ಳಿಗೆ ಹೊರಗಿನ ಗಾಳಿಯೂ ಬರುತ್ತಿರುತ್ತದೆ. ಅದು ಅಲ್ಲೇ ನೀರಾಗುತ್ತದೆ. ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಯೂನಿಟ್ ಕೋಣೆಯಿಂದ ಎಳೆದುಕೊಂಡ ಗಾಳಿಯೆಲ್ಲ ಕೋಣೆಗೆ ವಾಪಸ್ ಬರಬೇಕು. ದಾರಿಯಲ್ಲಿ ಸೋರಿದರೆ ಕೋಣೆಯಲ್ಲಿ ಗಾಳಿಯ ಕೊರತೆ. ಅದನ್ನು ತುಂಬಲು ಕಿಟಕಿ, ಬಾಗಿಲು, ಪ್ಲಗ್ ತೂತುಗಳಿಂದ ಹೊರಗಿನ ತೇವದ ಗಾಳಿ ನುಗ್ಗುತ್ತದೆ. ಎಸಿ ಆ ತೇವವನ್ನು ಹಿಂಡಬೇಕು. ತಂಪು ಸಾಲದಿರುವುದಕ್ಕೆ ಇದೇ ಕಾರಣ ಇರಬಹುದು. ಮನೆಗಳ ಡಕ್ಟಿನಲ್ಲಿ ಹರಿಯುವ ಗಾಳಿಯಲ್ಲಿ ಶೇಕಡಾ 20ರಿಂದ 30ರಷ್ಟು ಸೋರಿಹೋಗುತ್ತದೆ ಎಂದು ಅಮೆರಿಕದ ಎನರ್ಜಿ ಸ್ಟಾರ್ ಕಾರ್ಯಕ್ರಮದವರು ಅಂದಾಜು ಮಾಡಿದ್ದಾರೆ.

ಸೋರಿಕೆ ಹುಡುಕಲು ದೊಡ್ಡ ಯಂತ್ರ ಬೇಕಿಲ್ಲ. ಫ್ಯಾನ್ ಮಾತ್ರ ಓಡಿಸಿ, ಊದಿನಕಡ್ಡಿ ಹಚ್ಚಿ ಪ್ರತಿ ಜೋಡಣೆಯ ಬಳಿ ಹಿಡಿಯಿರಿ. ತಂಪು ಗಾಳಿ ಹೋಗುವ ಡಕ್ಟ್ ಸೋರುತ್ತಿದ್ದರೆ ಹೊಗೆ ದೂರ ಸರಿಯುತ್ತದೆ. ವಾಪಸ್ ಬರುವ ಡಕ್ಟ್ ಸೋರುತ್ತಿದ್ದರೆ ಹೊಗೆಯನ್ನು ಒಳಗೆ ಎಳೆಯುತ್ತದೆ. ಸೋರಿಕೆ ಹೆಚ್ಚಾಗಿ ಇರುವುದು ಯೂನಿಟ್‌ಗೂ ಡಕ್ಟಿಗೂ ನಡುವಿನ ಕ್ಯಾನ್ವಾಸ್ ಪಟ್ಟಿಯಲ್ಲಿ, ಕವಲೊಡೆಯುವ ಜಾಗದಲ್ಲಿ, ಗ್ರಿಲ್ ಕೂರುವ ಡಬ್ಬಿಯಲ್ಲಿ. ನೇರ ಉದ್ದದ ತಗಡಿನಲ್ಲಿ ಕಡಿಮೆ. ರೆಕ್ಸಿನ್, ಪ್ಲಾಸ್ಟಿಕ್, ಗ್ಲಾಸ್ ವೂಲ್ (ಗಾಜಿನ ಎಳೆಗಳ ಹೊದಿಕೆ) ಹತ್ತಿರ ಕೆಂಡ ತಾಗದಂತೆ ನೋಡಿಕೊಳ್ಳಿ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಹೊಸದು ಹಾಕಿಸಬೇಕಾ? ಎಲ್ಲವನ್ನೂ ಬೇಕಿಲ್ಲ. ಹೊದಿಕೆ ಬಿಚ್ಚಿ ತಗಡು ನೋಡಿ. ಬಿಳಿ ಪುಡಿ ಇದ್ದರೆ ಮೇಲಿನ ಸತುವಿನ ಲೇಪ ಸವೆಯುತ್ತಿದೆ ಅಂತ ಅರ್ಥ. ಉಜ್ಜಿ ಒರೆಸಿದರೆ ತಗಡು ಇನ್ನೂ ಬಾಳುತ್ತದೆ. ಕೆಂಪು ತುಕ್ಕು ಕಂಡ ಕಡೆ ಸ್ಕ್ರೂಡ್ರೈವರ್ ಮೊನೆಯಿಂದ ಗಟ್ಟಿಯಾಗಿ ಒತ್ತಿ. ಒಳಗೆ ಹೊಕ್ಕರೆ ಆ ತುಂಡು ಹೋಯಿತು, ಅಷ್ಟನ್ನು ಬದಲಿಸಿ. ಸಮುದ್ರದ ದಂಡೆಯಲ್ಲಿ ಉಪ್ಪಿನ ಕಾಟ ಬೇರೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪಿನ ಪುಡಿ ತಾನೇ ತೇವ ಎಳೆದುಕೊಂಡು ನೀರಾಗುತ್ತದೆ. ಡಕ್ಟ್ ಬೆವರದಿದ್ದರೂ ಅದರ ಮೇಲೆ ಕೂತ ಉಪ್ಪು ತಗಡನ್ನು ಒದ್ದೆಯಾಗಿಯೇ ಇಡುತ್ತದೆ. ಹಾಗಾಗಿ ಸೀಲ್ ಮಾಡುವ ಮೊದಲು ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ತಗಡು ಒರೆಸಿ, ಪೂರ್ತಿ ಒಣಗಿಸಿ. ಈ ಹಂತ ಬಿಟ್ಟರೆ ಮೇಲೆ ಏನು ಹಚ್ಚಿದರೂ ದುಡ್ಡು ದಂಡ.

ಇನ್ನು ಆ ಬೂದು ಟೇಪು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 1998ರಲ್ಲಿ ಡಕ್ಟ್ ಮುಚ್ಚುವ ಹಲವು ವಸ್ತುಗಳನ್ನು ಪರೀಕ್ಷೆ ಮಾಡಿದರು. ಬೇಗ ಕೈಕೊಟ್ಟದ್ದು ಬಟ್ಟೆಯ ಡಕ್ಟ್ ಟೇಪ್. ಹೆಸರಿನಲ್ಲೇ ಡಕ್ಟ್ ಇದೆ, ಆದರೆ ಡಕ್ಟಿಗೇ ಆಗುವುದಿಲ್ಲ! ಅದರ ರಬ್ಬರ್ ಅಂಟು ಒಣಗಿ ಬಿಟ್ಟುಕೊಳ್ಳುತ್ತದೆ. ನಿಮ್ಮ ಮೆಕ್ಯಾನಿಕ್‌ನನ್ನು ಒಬ್ಬನನ್ನೇ ಬೈಯಬೇಡಿ, ಎಲ್ಲ ಕಡೆ ಇದನ್ನೇ ಸುತ್ತುತ್ತಾರೆ.

ಬೇಕಾದದ್ದು ಮಾಸ್ಟಿಕ್. ಅಂಗಡಿಯಲ್ಲಿ ಡಕ್ಟ್ ಸೀಲಂಟ್ ಅಂತ ಕೇಳಿ. ಗಟ್ಟಿ ಪೇಸ್ಟಿನ ಹಾಗಿರುತ್ತದೆ, ಬ್ರಷ್‌ನಿಂದ ಹಚ್ಚಬಹುದು. ಮೊದಲು ಸಡಿಲ ಜೋಡಣೆಗೆ ಸ್ಕ್ರೂ ಹಾಕಿ ಬಿಗಿ ಮಾಡಿ, ಯಾಕೆಂದರೆ ಮಾಸ್ಟಿಕ್ ಗಾಳಿಯನ್ನು ತಡೆಯುತ್ತದೆ, ಭಾರ ಹೊರುವುದಿಲ್ಲ. ಆಮೇಲೆ ಸುಮಾರು 2 ಮಿಲಿಮೀಟರ್ ದಪ್ಪ, ಜೋಡಣೆಯ ಎರಡೂ ಬದಿಗೆ ಎರಡು ಬೆರಳಷ್ಟು ಹರಡಿ. ಬಿರುಕು 6 ಮಿಲಿಮೀಟರ್‌ಗಿಂತ ಅಗಲ ಇದ್ದರೆ ಫೈಬರ್ ಜಾಳಿಗೆ ಪಟ್ಟಿ ಇಟ್ಟು ಅದರ ಮೇಲೆ ಹಚ್ಚಿ. ಸ್ಕ್ರೂ ತಲೆಗಳನ್ನೂ ಮುಚ್ಚಿ. ಪೂರ್ತಿ ಒಣಗುವವರೆಗೆ ಎಸಿ ಓಡಿಸಬೇಡಿ. ಕರಾವಳಿಯ ಗಾಳಿಯಲ್ಲಿ ಇದು ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಜಾಸ್ತಿ ಹೊತ್ತು ತಗೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಡಿಸೆಂಬರ್, ಜನವರಿ ಒಳ್ಳೆಯದು.

ಮುಂದೆ ಬಿಚ್ಚಬೇಕಾದ ಮುಚ್ಚಳದಂಥ ಕಡೆ ಮಾತ್ರ ಅಲ್ಯೂಮಿನಿಯಂ ಫಾಯಿಲ್ ಟೇಪ್ ಸಾಕು. ಅದನ್ನೂ ಒರೆಸಿದ ತಗಡಿನ ಮೇಲೆ ಅಂಟಿಸಿ, ಪ್ಲಾಸ್ಟಿಕ್ ಕಾರ್ಡಿನಿಂದ ಗಟ್ಟಿಯಾಗಿ ತೀಡಿ. ಸಿಲಿಕೋನ್ ಹಚ್ಚುತ್ತೇನೆ ಅಂದರೆ ಟ್ಯೂಬ್ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಬೇಡ. ಅದರಿಂದ ಬಿಡುಗಡೆಯಾಗುವ ಆಮ್ಲ ಸತುವಿನ ಲೇಪವನ್ನೇ ತಿನ್ನುತ್ತದೆ. ಮತ್ತೆ ಸ್ಕ್ರೂಗಳು ಸ್ಟೇನ್‌ಲೆಸ್ ಇರಲಿ, ಸಿಕ್ಕರೆ 316 ದರ್ಜೆಯವು. ಉಪ್ಪು ಗಾಳಿಗೆ 304ಕ್ಕಿಂತ ಅವೇ ತಡೆಯುತ್ತವೆ.

ಗಾಳಿ ಸೋರುವುದು ನಿಂತ ಮೇಲೆ ಹೊದಿಕೆ. ಒದ್ದೆಯಾದ ಗ್ಲಾಸ್ ವೂಲ್ ಅನ್ನು ಒಣಗಿಸಿ ಮತ್ತೆ ಸುತ್ತುತ್ತೇನೆ ಅಂದರೆ ಒಪ್ಪಬೇಡಿ. ಕೈಗವಸು, ಮಾಸ್ಕ್ ಹಾಕಿಕೊಂಡು ತೆಗೆಸಿ ಬಿಸಾಡಿ. ಅದರ ಬದಲು ನೈಟ್ರೈಲ್ ರಬ್ಬರ್ ಹಾಳೆ ಹಾಕಿಸಿ. ಅದರೊಳಗಿನ ಗಾಳಿಗುಳ್ಳೆಗಳು ಒಂದಕ್ಕೊಂದು ತೆರೆದಿರುವುದಿಲ್ಲ, ಹಾಗಾಗಿ ತೇವ ಒಳಹೊಕ್ಕುವುದು ಬಹಳ ಕಷ್ಟ. ನಮ್ಮ ಕಡೆ 13 ಮಿಲಿಮೀಟರ್ ನಡೆಯುತ್ತದೆ, ಆದರೆ ಕಾರವಾರದ ಮಳೆಗಾಲಕ್ಕೆ ನಾನಾದರೆ 25 ಹಾಕಿಸುತ್ತೇನೆ. ದಪ್ಪಕ್ಕಿಂತ ಮುಖ್ಯವಾದದ್ದು ಎಲ್ಲೂ ಸಂದು ಬಿಡದಿರುವುದು. ಡಕ್ಟ್ ತೂಗುಹಾಕಿದ ಪಟ್ಟಿಯ ಕೆಳಗೆ, ತುಂಡುಗಳನ್ನು ಜೋಡಿಸುವ ಅಂಚಿನ (ಫ್ಲೇಂಜ್) ಮೇಲೆ, ಗ್ರಿಲ್ ಡಬ್ಬಿಯ ಹಿಂಭಾಗದಲ್ಲಿ ಕೆಲಸದವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆ ಅಂಗೈಯಗಲ ಜಾಗದಿಂದಲೇ ಮತ್ತೆ ಹನಿ ಶುರು. ಸೀಲಿಂಗ್ ಮುಚ್ಚುವ ಮೊದಲು ನೀವೇ ಟಾರ್ಚ್ ಹಿಡಿದು ನೋಡಿ. ಹಣ ಕೊಡುವುದು ಆಮೇಲೆ.

ಹಸಿಯಾದ ಜಿಪ್ಸಂ ಹಲಗೆ ಬದಲಿಸಿ. ಗ್ರಿಲ್ ಮೇಲಿನ ಬೂಷ್ಟು ಸೋಪು ನೀರಿನಿಂದ ಹೋಗುತ್ತದೆ. ಡಕ್ಟಿನೊಳಗೆ ಔಷಧ ಸಿಂಪಡಿಸುತ್ತೇವೆ ಅಂತ ಬರುವವರಿಗೆ ದುಡ್ಡು ಕೊಡಬೇಡಿ. ತೇವ ನಿಲ್ಲದೆ ಬೂಷ್ಟು ನಿಲ್ಲುವುದಿಲ್ಲ.

ಓಡಿಸುವಾಗ ಫ್ಯಾನ್ ‘ಆಟೋ’ದಲ್ಲಿರಲಿ. ಸದಾ ಓಡುವಂತೆ ಇಟ್ಟರೆ ಕಂಪ್ರೆಸರ್ ನಿಂತಾಗ ಕಾಯಿಲ್ ಮೇಲಿನ ನೀರು ಮತ್ತೆ ಕೋಣೆಗೇ ಸೇರುತ್ತದೆ. 18ಕ್ಕೆ ಇಳಿಸಬೇಡಿ, 24–25 ಸಾಕು. ಹೊರಗಿನ ಯೂನಿಟ್‌ಗೆ ಆಗಾಗ ಕರೆಂಟ್ ತೆಗೆದು ಸಿಹಿನೀರು ಬಿಟ್ಟು ಉಪ್ಪು ತೊಳೆಸಿ. ನೀವು ಇರುವುದು ಬೆಳಗಾವಿಯಲ್ಲಿ, ಮಳೆಗಾಲ ಪೂರ್ತಿ ಮನೆಗೆ ಬೀಗ ಅಲ್ವಾ? ಅಲ್ಲಿನ ಯಾರಿಗಾದರೂ ಕೀಲಿ ಕೊಟ್ಟು ವಾರಕ್ಕೆರಡು ಸಲ ಕಿಟಕಿ ಮುಚ್ಚಿಯೇ ಎಸಿ ಕೆಲ ಹೊತ್ತು ಓಡಿಸಲು ಹೇಳಿ. ಕಿಟಕಿ ತೆರೆದು ‘ಗಾಳಿ ಆಡಿಸುವುದು’ ಬೆಳಗಾವಿಯ ಚಳಿಗಾಲಕ್ಕೆ ಸರಿ, ಕಾರವಾರದ ಜುಲೈಗೆ ಅಲ್ಲ.

ಪ್ರಶ್ನೆ: ವಿಜಯಪುರದಲ್ಲಿ ನಮ್ಮ ಮಾಳಿಗೆ ಮೇಲೆ ದೊಡ್ಡ ಕೂಲರ್ ಇಟ್ಟು ತಗಡಿನ ಡಕ್ಟಿನಿಂದ ಮೂರು ಕೋಣೆಗೆ ಗಾಳಿ ಬಿಟ್ಟಿದ್ದೇವೆ. ಮಂಗಳೂರಿನಲ್ಲಿರುವ ತಮ್ಮ, ಡಕ್ಟಿಗೆ ರಬ್ಬರ್ ಸುತ್ತಿಸದೆ ಬಿಟ್ಟರೆ ಕೆಡುತ್ತದೆ ಎನ್ನುತ್ತಾನೆ. ಸುತ್ತಿಸಬೇಕಾ ಸರ್? ಕೋಣೆಯಲ್ಲಿ ಮೈ ಅಂಟಂಟು ಅನಿಸುತ್ತದೆ.

ಉತ್ತರ: ನಿಮ್ಮ ತಮ್ಮ ಮಂಗಳೂರಿಗೆ ಸರಿಯಾದ ಮಾತು ಹೇಳಿದ್ದಾರೆ, ವಿಜಯಪುರಕ್ಕಲ್ಲ. 40 ಡಿಗ್ರಿ, ಶೇಕಡಾ 20 ತೇವದ ಗಾಳಿಯನ್ನು ಒಳ್ಳೆಯ ಕೂಲರ್ 26–27 ಡಿಗ್ರಿಗೆ ತರುತ್ತದೆ. ಅಷ್ಟಕ್ಕೆ ಡಕ್ಟಿನ ಹೊರಗಡೆ ಬೆವರುವುದಿಲ್ಲ. ಬಿಸಿಲು ನೇರ ಬೀಳುವ ತುಂಡಿಗೆ ಮಾತ್ರ ಹೊದಿಕೆ ಅಥವಾ ನೆರಳು ಮಾಡಿ. ಕೋಣೆಯೊಳಗಿನ ಡಕ್ಟಿಗೆ ಬೇಡ. (ಮಂಗಳೂರಿನಲ್ಲಿ ಇದೇ ಕೂಲರ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಸುವುದೂ ಕಷ್ಟ, ಅಲ್ಲಿನ ಗಾಳಿ ಮೊದಲೇ ತೇವ ಕುಡಿದಿರುತ್ತದೆ.)

ಮೈ ಅಂಟುವುದಕ್ಕೆ ಕಾರಣ ಡಕ್ಟ್ ಅಲ್ಲ, ಮುಚ್ಚಿದ ಕಿಟಕಿ. ಎಸಿಯ ಹಾಗೆ ಬಾಗಿಲು ಹಾಕಿಕೊಂಡು ಕೂಲರ್ ಓಡಿಸುವವರು ಬಹಳ ಜನ. ಕೂಲರ್ ಪ್ರತಿ ಕ್ಷಣ ಹೊರಗಿನ ಗಾಳಿ ತಂದು ತುಂಬುತ್ತದೆ, ಅದು ಹೊರಗೆ ಹೋಗಲೇಬೇಕು. ಗ್ರಿಲ್‌ನ ಎದುರು ಬದಿಯ ಕಿಟಕಿ ತೆರೆಯಿರಿ.

ಸೋರಿಕೆಯನ್ನು ಮುಚ್ಚುವ ವಿಧಾನ ಮೇಲೆ ಹೇಳಿದ್ದೇ. ಒಂದು ವ್ಯತ್ಯಾಸ ಇದೆ: ಪ್ಯಾಡಿನಿಂದ ಹಾರಿದ ಹನಿ ಡಕ್ಟಿನೊಳಗೆ ಸೇರಿ ಜೋಡಣೆಯಲ್ಲಿ ತೊಟ್ಟಿಕ್ಕುತ್ತಿರಬಹುದು. ಶುರುವಿನ ತುಂಡು ಕೂಲರ್ ಕಡೆಗೆ ಇಳಿಜಾರಾಗಿದ್ದರೆ ನೀರು ವಾಪಸ್ ಹೋಗುತ್ತದೆ. ಬೋರ್‌ವೆಲ್‌ನ ಗಡಸು ನೀರು ಬಳಸುತ್ತಿದ್ದರೆ ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ. ಇಲ್ಲದಿದ್ದರೆ ಪ್ಯಾಡ್ ಮೇಲೆ ಸುಣ್ಣ ಕಟ್ಟಿ ಗಾಳಿ ಹಾಯುವುದಿಲ್ಲ. ಮಳೆ ಶುರುವಾದ ಮೇಲೆ ಡಕ್ಟಿನ ಬಾಯಿ ಮುಚ್ಚುವುದನ್ನು ಮರೆಯಬೇಡಿ, ಪಾರಿವಾಳ ಒಳಗೆ ಗೂಡು ಕಟ್ಟುತ್ತವೆ.

ಪ್ರಶ್ನೆ: ಬಾಗಲಕೋಟೆ ನವನಗರ. ಹಿನ್ನೀರು ಹತ್ತಿರವಿದೆ. ನಮಗೂ ಕರಾವಳಿಯ ಹಾಗೆ ತುಕ್ಕು ಹಿಡಿಯುತ್ತದೆಯೇ?

ಉತ್ತರ: ಇಲ್ಲ. ಆಲಮಟ್ಟಿಯ ಹಿನ್ನೀರು ಸಿಹಿನೀರು. ತಗಡು ತಿನ್ನುವುದು ಸಮುದ್ರದ ಉಪ್ಪು. ನಿಮ್ಮಲ್ಲಿ ತುಕ್ಕು ಕಂಡರೆ ಕೂಲರ್ ತೊಟ್ಟಿಯ ಸುತ್ತಮುತ್ತ ಹುಡುಕಿ. ನಿಮಗೆ ನಿಜವಾದ ಶತ್ರು ಧೂಳು. ವಾಪಸ್ ಗಾಳಿಯ ಡಕ್ಟ್ ಸೋರಿದರೆ ಸೀಲಿಂಗ್ ಮೇಲಿನ ಧೂಳೆಲ್ಲ ಫಿಲ್ಟರ್ ತಪ್ಪಿಸಿ ಕಾಯಿಲ್ ಮೇಲೆ ಕೂರುತ್ತದೆ. ಆ ಬದಿಯನ್ನು ಮೊದಲು ಸೀಲ್ ಮಾಡಿಸಿ.

ಪ್ರಶ್ನೆ: ಬೆಳಗಾವಿ, ಹಿಂದವಾಡಿ. ಸುರುಳಿ ಪೈಪಿನಂಥ ಫ್ಲೆಕ್ಸಿಬಲ್ ಡಕ್ಟ್ ಹಾಕಿದ್ದಾರೆ. ಕೊನೆಯ ಕೋಣೆಗೆ ಗಾಳಿಯೇ ಬರುವುದಿಲ್ಲ. ಎಲ್ಲೂ ಸೋರಿಕೆ ಕಾಣುವುದಿಲ್ಲ.

ಉತ್ತರ: ಸೋರಿಕೆ ಇರಲಿಕ್ಕಿಲ್ಲ, ಡಕ್ಟ್ ಜೋತುಬಿದ್ದಿರಬೇಕು. ಈ ಡಕ್ಟನ್ನು ಪೂರ್ತಿ ಎಳೆದು ಹಾಕಬೇಕು. ಉಳಿದ ಉದ್ದವನ್ನು ಕತ್ತರಿಸದೆ ಹಾಗೇ ಮಡಚಿಟ್ಟರೆ ಒಳಗಿನ ಸುಕ್ಕುಗಳು ಗಾಳಿಯನ್ನು ಅಲ್ಲೇ ತಡೆಯುತ್ತವೆ. ಪ್ರತಿ ಒಂದೂವರೆ ಮೀಟರ್‌ಗೊಂದು ಅಗಲದ ಪಟ್ಟಿಯಿಂದ ತೂಗುಹಾಕಿರಬೇಕು. ಒಂದು ಮೀಟರ್ ಉದ್ದಕ್ಕೆ 4 ಸೆಂಟಿಮೀಟರ್‌ಗಿಂತ ಜಾಸ್ತಿ ಜೋಲಬಾರದು. ತಂತಿಯಿಂದ ಬಿಗಿದು ಕಟ್ಟಿದ್ದರೆ ಆ ಜಾಗದಲ್ಲಿ ಡಕ್ಟಿನ ಕತ್ತು ಹಿಸುಕಿದ ಹಾಗೆ, ತೆಗೆಸಿ. ತುದಿಯಲ್ಲಿ ಒಳಪದರವನ್ನು ಮೊದಲು ಬಿಗಿದು ಸೀಲ್ ಮಾಡಿ, ಆಮೇಲೆ ಹೊರಗಿನ ಹೊದಿಕೆಯನ್ನು ಎಳೆದು ಬೇರೆಯಾಗಿ ಕಟ್ಟಬೇಕು. ಎರಡನ್ನೂ ಸೇರಿಸಿ ಒಂದೇ ಟೈ ಹಾಕಿದ್ದರೆ ಅದನ್ನೂ ಬಿಚ್ಚಿಸಿ. ಇಷ್ಟಾದರೂ ಗಾಳಿ ಸಾಲದಿದ್ದರೆ ಹತ್ತಿರದ ಕೋಣೆಗಳ ಡ್ಯಾಂಪರ್ (ಡಕ್ಟಿನೊಳಗೆ ಗಾಳಿ ಹೆಚ್ಚು ಕಡಿಮೆ ಮಾಡುವ ತಗಡಿನ ಬಾಗಿಲು) ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ನೋಡಿ.