ಬೇತಿಂಗೆ ಹೋಗಿ ಬರೆದ ಪರೀಕ್ಷೆ ಮತ್ತು ಖಾಯಂ ವಿಳಾಸದ ತಕರಾರು

ಗೆಳೆಯಾ, ಬೆಂಗಳೂರಿನಲ್ಲಿ ಕುಳಿತು ನೀನು ಕೇಳಿದ್ದು ಒಂದು ಪ್ರಶ್ನೆಯಲ್ಲ, ಎರಡು. ಕೈಯಲ್ಲಿ ಮೊಬೈಲ್ ಇರುವಾಗ ಸ್ವಂತ ರೇಡಿಯೋದಿಂದ ದೂರದವರೊಡನೆ ಮಾತನಾಡಲು ಬೇಕಾದ ಹವ್ಯಾಸಿ ರೇಡಿಯೋ ಪರವಾನಗಿಗಾಗಿ ರಜೆ ಹಾಕಿ ಪರೀಕ್ಷೆ ಬರೆಯುವ ಹುಚ್ಚೇಕೆ ಎಂಬುದು ಮೊದಲನೆಯದು. ಬರೆಯಲೇಬೇಕಿದ್ದರೆ ಕರ್ನಾಟಕಕ್ಕೆ ಬಂದು ಬರೆಯಬಹುದಿತ್ತಲ್ಲ, ಗೋವಾದಲ್ಲಿ ಬೀಚು ಬಿಟ್ಟು ಅಂಥದ್ದೆಲ್ಲ ಇದೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ನನ್ನ ಉತ್ತರ ಚಿಕ್ಕದು: 2004ರ ಡಿಸೆಂಬರಿನಲ್ಲಿ ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ, ಬರೀ ಹವ್ಯಾಸಕ್ಕೆಂದು ಪೋರ್ಟ್‌ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ತಮ್ಮ ರೇಡಿಯೋಗಳಿಂದಲೇ ಅಲ್ಲಿನವರ ಯೋಗಕ್ಷೇಮವನ್ನು ಹೊರಗಿನವರಿಗೆ ಮುಟ್ಟಿಸಿದರು. ಆ ಹೊತ್ತಿನಲ್ಲಿ ಮೊಬೈಲ್ ಇದ್ದವರು ಏನು ಮಾಡುತ್ತಿದ್ದರೆಂದು ನೀನೇ ಊಹಿಸಿಕೊ.

ಎರಡನೆಯದಕ್ಕೆ ಬರುತ್ತೇನೆ. ಪಣಜಿಯ ಎದುರು ದಂಡೆಯ ಬೇತಿಂನಲ್ಲಿ ರೇಡಿಯೋ ತರಂಗಗಳ ಬಳಕೆಯ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ನಿಸ್ತಂತು ನಿಗಾ ಕೇಂದ್ರವಿದೆ. ಬೆಂಗಳೂರಿನ, ಮಂಗಳೂರಿನ ಕೇಂದ್ರಗಳಂತೆ ಇದೂ ಈ ಪರೀಕ್ಷೆ ನಡೆಸುವ ಪಟ್ಟಿಯಲ್ಲಿರುವುದೇ. ಗೋವಾಕ್ಕೂ ರೇಡಿಯೋಗೂ ಏನು ಸಂಬಂಧ ಎನ್ನುವವರಿಗೆ ನಾನು ಇನ್ನೊಂದು ಸಂಗತಿಯನ್ನು ಹೇಳುತ್ತಿರುತ್ತೇನೆ. ಪೋರ್ಚುಗೀಸರ ವಿರುದ್ಧ 1955ರಿಂದ 1961ರವರೆಗೆ ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೋ ನಡೆಸಿದ ಗುಪ್ತ ಬಾನುಲಿ ಕೇಂದ್ರ ಮೊದಲು ಅಂಬೋಲಿಯ ಕಾಡಿನಲ್ಲಿದ್ದು, ಆಮೇಲೆ ಕ್ಯಾಸಲ್‌ರಾಕ್‌ನ ಕಾಡಿಗೆ ಬಂದಿತು. ಕ್ಯಾಸಲ್‌ರಾಕ್ ಇರುವುದು ನಮ್ಮ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿ. ನಮ್ಮ ತಂದೆ ಲೋಂಡಾದಿಂದ ಮುರಗಾಂವ್ ಬಂದರಿನ ಕೆಲಸಕ್ಕೆ ಬಂದಿಳಿದದ್ದು ಆ ಕ್ಯಾಸಲ್‌ರಾಕ್ ಮೇಲೆ ಹಾದು ಬರುವ ರೈಲು ಹಳಿಯಲ್ಲೇ. ಗೋವಾದ ಬಿಡುಗಡೆಯ ದನಿ ಘಟ್ಟದ ಮೇಲಿನಿಂದ ಬಂದಿತ್ತೆಂಬುದನ್ನು, ಘಟ್ಟ ಇಳಿದು ಬಂದವರನ್ನು ‘ಘಾಟಿ’ ಎಂದು ಕರೆಯುವವರಿಗೂ ಒಮ್ಮೊಮ್ಮೆ ನೆನಪಿಸಬೇಕಾಗುತ್ತದೆ.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನಿರುವ, ವಾಸ್ಕೋ ಕಡೆಯ ಜುವಾರಿನಗರದ ನೆರೆಮನೆಯ ಹುಡುಗನೂ ಜೊತೆಗಿದ್ದನು. ಈ ಪರೀಕ್ಷೆಗೆ 12 ವರ್ಷ ತುಂಬಿದರೆ ಸಾಕು, ಅವನಿಗೆ ಅದಕ್ಕಿಂತ ತುಸು ಹೆಚ್ಚೇ ಆಗಿದೆ. ವಾಸ್ಕೋದಿಂದ ಪಣಜಿಗೆ ಕದಂಬ ಬಸ್ಸು, ಅಲ್ಲಿಂದ ಫೆರಿ. ಬಸ್ಸು ಗೋವಾ ವೆಲ್ಹಾ ದಾಟುವಾಗ, ಗೋವಾ ಕದಂಬರ ರಾಜಧಾನಿ ಗೋಪಕಪಟ್ಟಣ ಇದ್ದದ್ದು ಇಲ್ಲಿಯೇ ಎಂದು ಹುಡುಗನಿಗೆ ತೋರಿಸಿದೆನು. ‘ಕಾಕಾ, ಹಂಗಾದ್ರ ಈ ಬಸ್ಸು ನಮ್ದೇ ಅಲ್ಲೇನು?’ ಎಂದು ಅವನು ಕೇಳಿದಾಗ ಕಂಡಕ್ಟರ್ ಪೂರ್ತಿ ಟಿಕೇಟಿನ ಹಣವನ್ನೇ ಎಣಿಸಿಕೊಳ್ಳುತ್ತಿದ್ದನು. ಮಾಂಡವಿ ದಾಟುವ ಫೆರಿಯಲ್ಲಿ ನಡೆದು ಬರುವವರಿಗೆ ಹಣವಿಲ್ಲ. ಆ ನದಿ ಹುಟ್ಟುವುದು ನಮ್ಮ ಖಾನಾಪುರ ತಾಲ್ಲೂಕಿನಲ್ಲಿ, ಮಹದಾಯಿ ಎಂಬ ಹೆಸರಿನಿಂದ. ಅದು ಯಾರದು ಎಂಬ ಬಗ್ಗೆ ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟ ಮೇಲೂ ಎರಡು ರಾಜ್ಯಗಳ ಜಗಳ ನಿಂತಿಲ್ಲ. ನದಿಯ ಪಾಡೇ ಹೀಗಿರುವಾಗ ಮನುಷ್ಯರದು ಹೇಗಿರಬಹುದೆಂಬುದನ್ನು ನಿನಗೆ ವಿವರಿಸಿ ಹೇಳಬೇಕು, ಏಕೆಂದರೆ ಪರೀಕ್ಷೆಗಿಂತ ನನ್ನನ್ನು ದಣಿಸಿದ್ದು ಅದೇ.

ಯಾವ ಅರ್ಜಿಯಲ್ಲಿಯೂ ಎರಡು ಚೌಕಗಳಿರುತ್ತವೆ: ಈಗಿನ ವಿಳಾಸ, ಖಾಯಂ ವಿಳಾಸ. ನೀನು ಎರಡರಲ್ಲಿಯೂ ಜಯನಗರವೆಂದು ಬರೆದು ಮುಂದೆ ಹೋಗುತ್ತೀ. ನಾನು ಖಾಯಂ ಎಂದು ಖಾನಾಪುರ ತಾಲ್ಲೂಕಿನ ಹಳ್ಳಿಯನ್ನು ಬರೆದರೆ ಅದಕ್ಕೆ ಆಧಾರ ಬೇಕು. ಮನೆಯ ಉತಾರ ಇನ್ನೂ ಅಜ್ಜನ ಹೆಸರಿನಲ್ಲಿದೆ, ಪಡಿತರ ಚೀಟಿಯಲ್ಲಿ ನನ್ನ ಹೆಸರಿಲ್ಲ, ಅಲ್ಲಿಯ ಕಚೇರಿಯವರು ‘ನೀವು ಇಲ್ಲಿ ಇರುವುದೇ ಇಲ್ಲವಲ್ಲ’ ಎನ್ನುತ್ತಾರೆ ಮತ್ತು ಅವರು ಹೇಳುವುದು ನಿಜ. ಖಾಯಂ ಎಂದು ವಾಸ್ಕೋ ಬರೆದರೆ ಕಿಟಕಿಯ ಹಿಂದಿನ ಗುಮಾಸ್ತ ನನ್ನ ಅಡ್ಡಹೆಸರನ್ನು ನೋಡಿ, ತಲೆಯೆತ್ತಿ, ಎಷ್ಟು ವರ್ಷದಿಂದ ಎಂದು ಕೇಳುತ್ತಾನೆ. ಗೋವಾ ಸರ್ಕಾರದ ನೌಕರಿಗೆ 15 ವರ್ಷಗಳ ವಾಸದ ಪ್ರಮಾಣಪತ್ರ ಬೇಕು ಎಂಬ ನಿಯಮವಿದೆ. ನಾನು ಕೇಳುತ್ತಿರುವುದು ನೌಕರಿಯನ್ನಲ್ಲ, ರೇಡಿಯೋವನ್ನು, ಆದರೂ ಆ 15ರ ಲೆಕ್ಕ ಎಲ್ಲ ಕಿಟಕಿಗಳಲ್ಲಿಯೂ ತಲೆಹಾಕುತ್ತದೆ. ಬಾಡಿಗೆ ಕರಾರು 11 ತಿಂಗಳಿನದು, ಮುಗಿದ ಮೇಲೆ ಹೊಸದು ಆಗುವ ಹೊತ್ತಿಗೆ ಹಳೆಯದರ ಮೇಲೆ ಮಾಡಿಸಿದ್ದ ಕಾಗದಗಳೆಲ್ಲ ಹಳಸಿರುತ್ತವೆ. ವಿದ್ಯುತ್ ಬಿಲ್ಲು ಮನೆಯ ಮಾಲೀಕರ ದಿವಂಗತ ತಂದೆಯವರ ಹೆಸರಿನಲ್ಲಿ ಬರುತ್ತದೆ, ಮತ್ತು ಅವರು ನನ್ನ ಪರವಾಗಿ ಸಹಿ ಮಾಡಲಾರರು.

ಮಾಲೀಕರು ಒಳ್ಳೆಯವರೇ, ಗಣೇಶ ಚವತಿಗೆ ನೇವರಿ ಕಳುಹಿಸುತ್ತಾರೆ, ಮಕ್ಕಳ ಓದಿನ ಬಗ್ಗೆ ವಿಚಾರಿಸುತ್ತಾರೆ. ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೆ ಕೊಡಬೇಕೆಂದು ಕಾನೂನಿರುವುದರಿಂದ ಆ ಫಾರ್ಮ್‌ಗೆ ತಕ್ಷಣ ಸಹಿ ಹಾಕುತ್ತಾರೆ. ಅದರ ಒಂದು ಪ್ರತಿಯನ್ನು ನನಗೆ ಕೊಡಿ ಎಂದರೆ ಮಾತು ಮಳೆಯ ಕಡೆಗೆ ತಿರುಗುತ್ತದೆ. ಇಂದು ಕೊಟ್ಟ ಕಾಗದ ನಾಳೆ ಪಡಿತರ ಚೀಟಿಯಾಗಿ, ನಾಡಿದ್ದು ಮತದಾರರ ಪಟ್ಟಿಯಾಗಿ, ಕೊನೆಗೆ ಮನೆ ಬಿಡದ ಬಾಡಿಗೆದಾರನಾಗಿ ಬೆಳೆಯುತ್ತದೆಂಬ ಭಯ ಅವರದು. ಕನ್ನಡದವರನ್ನು ಇಟ್ಟುಕೊಂಡ ಎಲ್ಲ ಮಾಲೀಕರಿಗೂ ಯಾರೋ ಈ ಭಯವನ್ನು ಹೇಳಿಕೊಟ್ಟಿದ್ದಾರೆ.

‘ಹಾಗಾದರೆ ನನ್ನ ಮನೆಯ ವಿಳಾಸ ಕೊಡು’ ಎಂದು ನೀನು ಉದಾರವಾಗಿ ಹೇಳಿದ್ದೀ. ಅದು ಆಗುವುದಿಲ್ಲ. ಪರವಾನಗಿಯಲ್ಲಿ ರೇಡಿಯೋ ಸಲಕರಣೆ ಇರುವ ಜಾಗವನ್ನು ನಮೂದಿಸಬೇಕು. ಆಂಟೆನಾ ವಾಸ್ಕೋದಲ್ಲಿ, ಕಾಗದ ಜಯನಗರದಲ್ಲಿ ಎಂದರೆ ನಿಯಮಗಳ ಪತ್ರಿಕೆಯಲ್ಲಿ ತೇರ್ಗಡೆಯಾಗಿ ಮೊದಲ ದಿನವೇ ಅದೇ ನಿಯಮವನ್ನು ಮುರಿದಂತಾಗುತ್ತದೆ. ನೆರೆಮನೆಯ ಹುಡುಗನ ಪಾಡು ಇನ್ನೂ ಸೊಗಸು. ಅವನು ಹುಟ್ಟಿದ್ದು ವಾಸ್ಕೋದಲ್ಲಿ, ಕನ್ನಡ ಕಲಿತದ್ದು ವಾಸ್ಕೋದ ಕನ್ನಡ ಶಾಲೆಯಲ್ಲಿ, ಕೊಂಕಣಿ ಆಡುವುದು ನನಗಿಂತ ಚೆನ್ನಾಗಿ. ಅವನ ಖಾಯಂ ವಿಳಾಸ ಮಾತ್ರ ಜಾತ್ರೆಗೆಂದು ಹೋಗಿ ಬರುವ ಬಾಗಲಕೋಟೆ ಕಡೆಯ ಹಳ್ಳಿ.

ಪರೀಕ್ಷೆ ಸಲೀಸಾಗಿ ನಡೆಯಿತು, ಅಲ್ಲಿಯ ಅಧಿಕಾರಿಗಳು ಸೌಜನ್ಯದಿಂದಲೇ ಇದ್ದರು. ನಾವಿಬ್ಬರೂ ಬರೆದದ್ದು ‘ರಿಸ್ಟ್ರಿಕ್ಟೆಡ್’ ದರ್ಜೆಗೆ. ಮೇಲಿನ ‘ಜನರಲ್’ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಸಂಕೇತವನ್ನು ಕಳುಹಿಸಲು, ಕೇಳಿ ಬರೆದುಕೊಳ್ಳಲು ಬರಬೇಕು. ಹುಡುಗ ಈಗಲೇ ಚಮಚದಿಂದ ತಟ್ಟೆಯ ಮೇಲೆ ಅಭ್ಯಾಸ ಮಾಡುತ್ತಿದ್ದಾನೆ, ಅವನ ತಾಯಿ ನನ್ನನ್ನು ಬಯ್ಯುತ್ತಿದ್ದಾರೆ. ಪತ್ರಿಕೆಯಲ್ಲಿ ಎರಡು ಭಾಗ, ಒಂದು ವಿದ್ಯುತ್ತು ಮತ್ತು ರೇಡಿಯೋ ತತ್ತ್ವಗಳದು, ಇನ್ನೊಂದು ನಿಯಮಗಳದು. ಗುಪ್ತ ಭಾಷೆಯಲ್ಲಿ ಮಾತನಾಡಬಾರದು, ಪ್ರಸಾರ ಕೇಂದ್ರದಂತೆ ಹಾಡು ಹಾಕಬಾರದು, ಮಾತನಾಡಿದ್ದನ್ನೆಲ್ಲ ಲಾಗ್ ಪುಸ್ತಕದಲ್ಲಿ ಬರೆದಿಡಬೇಕು, ಇಂಥವು.

ಓದುವಾಗ ನನಗೆ ಬಹಳ ಹಿಡಿಸಿದ್ದು ಕರೆ ಸಂಕೇತದ, ಅಂದರೆ ರೇಡಿಯೋದಲ್ಲಿ ಒಬ್ಬೊಬ್ಬರನ್ನು ಗುರುತಿಸಲು ಸರ್ಕಾರ ಕೊಡುವ ಅಕ್ಷರ-ಅಂಕಿಗಳ ಹೆಸರಿನ ಪದ್ಧತಿ. ಅಮೆರಿಕದಲ್ಲಿ ಸಂಕೇತದ ನಡುವಿನ ಅಂಕಿ ಪ್ರದೇಶವನ್ನು ಸೂಚಿಸಲೆಂದೇ ಹುಟ್ಟಿದ್ದು. ನಮ್ಮಲ್ಲಿ ಸಂಕೇತ ವಿ.ಯು. 2 ಎಂದು ಶುರುವಾದರೆ ಜನರಲ್, ವಿ.ಯು. 3 ಎಂದು ಶುರುವಾದರೆ ರಿಸ್ಟ್ರಿಕ್ಟೆಡ್. ಅಂಡಮಾನಿಗೆ 4, ಲಕ್ಷದ್ವೀಪಕ್ಕೆ 7. ಸಮುದ್ರದ ನಡುವೆ ಇರುವವರನ್ನು ಬಿಟ್ಟರೆ ಯಾರ ಅಂಕಿಯಿಂದಲೂ ಅವರ ರಾಜ್ಯ ಯಾವುದೆಂದು ತಿಳಿಯುವುದಿಲ್ಲ. ಬೆಳಗಾವಿಯವನೂ ಮಡಗಾಂವಿನವನೂ ಕೊಲ್ಹಾಪುರದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನನ್ನ ಜೀವಮಾನದಲ್ಲಿ ಸರ್ಕಾರ ಕೊಡಲಿರುವ ಗುರುತುಗಳಲ್ಲಿ ಊರು ಕೇಳದ ಗುರುತು ಇದೊಂದೇ ಎಂದು ಹಿಗ್ಗಿದ್ದೆನು; ಆದರೆ ಅದನ್ನು ಪಡೆಯುವ ಅರ್ಜಿಯಲ್ಲಿ ಮತ್ತೆ ಆ ಎರಡು ಚೌಕಗಳು ಕುಳಿತಿವೆ.

ಫಲಿತಾಂಶ ಬರುವುದರೊಳಗೆ ಆಂಟೆನಾದ ಸಿದ್ಧತೆ ನಡೆದಿದೆ. 40 ಮೀಟರ್ ಉದ್ದದ ಅಲೆಗಳಿಗೆ ಹೊಂದುವ ಡೈಪೋಲ್‌ಗೆ, ಅಂದರೆ ನಡುವೆ ಎರಡು ಭಾಗವಾದ ತಂತಿಯ ಆಂಟೆನಾಗೆ, ಸುಮಾರು 20 ಮೀಟರ್ ತಂತಿ ಬೇಕು, ನಮ್ಮ ತಾರಸಿ ಅಷ್ಟು ಉದ್ದವಿಲ್ಲ. ನಡುವೆ ಬಿದಿರು ನಿಲ್ಲಿಸಿ, ತಂತಿಯ ಒಂದು ತುದಿಯನ್ನು ತಾರಸಿಯ ಮೂಲೆಗೂ ಇನ್ನೊಂದನ್ನು ಪಕ್ಕದ ಹಿತ್ತಿಲಿನ ತೆಂಗಿನ ಮರಕ್ಕೂ ಕಟ್ಟಿದರೆ ಹೊಂದುತ್ತದೆ. ಆ ಹಿತ್ತಿಲಿನ ಕೊಂಕಣಿ ಮಾಯಿಯವರನ್ನು ಕೇಳಿದೆನು. ಧಾರಾಳವಾಗಿ ಕಟ್ಟು, ಕಾಯಿ ಕೀಳುವವನು ಬರುವ ದಿನ ಮಾತ್ರ ಬಿಚ್ಚಿಡು ಎಂದರು. ಸ್ವಲ್ಪ ತಡೆದು, ಇದಕ್ಕೆ ಕಾಗದ ಗೀಗದ ಏನೂ ಬರೆದುಕೊಡಬೇಕಾಗಿಲ್ಲ ತಾನೇ ಎಂದೂ ವಿಚಾರಿಸಿದರು.