ನಿಮ್ಮ ಇರಾಕ್ ಲೇಖನ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

‘ಎಣ್ಣೆಗಾಗಿ ಯುದ್ಧ’ ಓದಿದೆ, ಎರಡು ಸಲ. ಮೊದಲು ತಲೆಬರಹದ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆ ಎಣ್ಣೆ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಬಾರು. ನಮ್ಮಲ್ಲಿ ಪೇಜ್ ಮಾಡುವ ಹುಡುಗ ಅದನ್ನು ನೋಡಿ ಜೋರಾಗಿ ನಕ್ಕ, ಒಳಗೆ ಸತ್ತವರ ಲೆಕ್ಕ ಇದೆ ಅಂತ ಗೊತ್ತಾದ ಮೇಲೆ ಸುಮ್ಮನಾದ. ತೈಲ ಅಂತ ಬರೆಯಿರಿ, ಇಲ್ಲವೇ ಬೇರೆ ಹೆಸರು ಹುಡುಕಿ.

ಇನ್ನು ಲೇಖನ. 2003ರಲ್ಲಿ ಇರಾಕ್ ಮೇಲೆ ಯುದ್ಧಕ್ಕೆ ಹೋಗಲು ಬುಷ್ ಕೊಟ್ಟ ಕಾರಣಗಳೆಲ್ಲ ನಾಟಕ, ಅಸಲಿ ಕಾರಣ ತೈಲ ಒಂದೇ, ಮತ್ತು ಇದು ‘ಇಡೀ ಜಗತ್ತಿಗೇ ಗೊತ್ತಿತ್ತು’. ಒಂಬತ್ತು ಪುಟದಲ್ಲಿ ನೀವು ಹೇಳಿರುವುದು ಇಷ್ಟೇ. ಜಗತ್ತಿಗೇ ಗೊತ್ತಿತ್ತು ಅನ್ನುವುದನ್ನು ಆರು ಸಲ ಬರೆದಿದ್ದೀರಿ, ಎಣಿಸಿದೆ.

ನಾಲ್ಕನೇ ಪುಟದಲ್ಲಿ ನಿಮ್ಮ ಚಿಕ್ಕಪ್ಪ ಬರುತ್ತಾರೆ. ಕುವೈತ್‌ನಲ್ಲಿ ಕೆಲಸಕ್ಕಿದ್ದವರು. ಆ ಮಾರ್ಚ್ ತಿಂಗಳಲ್ಲಿ ಆರು ಜನ ಇದ್ದ ರೂಮಿನ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ಟೇಪ್ ಅಂಟಿಸಿ, ಸೈರನ್ ಕೂಗಿದಾಗಲೆಲ್ಲ ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಉಸಿರು ಬಿಗಿಹಿಡಿದು ಕೂತವರು. ಇಡೀ ಲೇಖನದಲ್ಲಿ ನಾನು ಪೆನ್ನು ಕೆಳಗಿಟ್ಟು ಓದಿದ್ದು ಆ ಒಂದು ಪ್ಯಾರಾ. ಈಗ ಸ್ವಲ್ಪ ಯೋಚನೆ ಮಾಡಿ. ಟೇಪ್ ಯಾಕೆ ಅಂಟಿಸಿದರು? ಟೇಪ್ ಕ್ಷಿಪಣಿಯನ್ನು ತಡೆಯುವುದಿಲ್ಲ. ಅವರು ಹೆದರಿದ್ದು ವಿಷಾನಿಲಕ್ಕೆ. ಅಂದರೆ ಸದ್ದಾಂ ಹತ್ತಿರ ರಾಸಾಯನಿಕ ಅಸ್ತ್ರ ಇದೆ ಅನ್ನುವುದನ್ನು ನಿಮ್ಮ ಚಿಕ್ಕಪ್ಪ ನಂಬಿದ್ದರು! ಜಗತ್ತಿಗೆಲ್ಲ ಗೊತ್ತಿದ್ದ ಸುಳ್ಳು ನಿಮ್ಮ ಮನೆಯವರಿಗೇ ಗೊತ್ತಿರಲಿಲ್ಲ, ಅಲ್ವಾ?

ಅವರು ದಡ್ಡರಂತೂ ಅಲ್ಲ. 1988ರಲ್ಲಿ ಇರಾಕಿನದೇ ಹಲಬ್ಜಾ ಊರಿನ ಮೇಲೆ ಸದ್ದಾಂ ಸೇನೆ ವಿಷಾನಿಲ ಹಾಕಿ ಸಾವಿರಾರು ಕುರ್ದರನ್ನು ಕೊಂದಿತ್ತು. ಆ ಊರಿನ ಹೆಸರೇ ನಿಮ್ಮ ಲೇಖನದಲ್ಲಿಲ್ಲ. ಬರೆದರೆ ಬುಷ್ ಪರ ಆಗುತ್ತೆ ಅಂತ ಬಿಟ್ಟಿರಾ?

ನನಗೆ ಸಿಟ್ಟು ಬಂದದ್ದು ಇಲ್ಲೇ. 2002ರ ಜುಲೈನಲ್ಲಿ ಲಂಡನ್ನಿನಲ್ಲಿ ಬ್ರಿಟನ್ನಿನ ಆಗಿನ ಪ್ರಧಾನಿ ಬ್ಲೇರ್ ನಡೆಸಿದ ಸಭೆಯ ಟಿಪ್ಪಣಿ 2005ರಲ್ಲಿ ಪತ್ರಿಕೆಯಲ್ಲಿ ಬಂತು. ಅಮೆರಿಕದಲ್ಲಿ ಯುದ್ಧದ ತೀರ್ಮಾನಕ್ಕೆ ಹೊಂದುವ ಹಾಗೆ ಗುಪ್ತಚರ ಮಾಹಿತಿಯನ್ನು ಜೋಡಿಸುತ್ತಿದ್ದಾರೆ ಅನ್ನುವ ಮಾತು ಅದರಲ್ಲಿದೆ. ನೀವದನ್ನು ಏಳನೇ ಪುಟದಲ್ಲಿ ಖುಷಿಯಿಂದ ಹಾಕಿಕೊಂಡಿದ್ದೀರಿ. ನೀವು ಮಾಡಿರುವುದೂ ಅದನ್ನೇ ಸ್ವಾಮಿ. ತೀರ್ಪು ಮೊದಲ ಸಾಲಿನಲ್ಲಿ, ಹೊಂದದ ಸಾಕ್ಷಿ ಕಸದಬುಟ್ಟಿಗೆ.

ತೈಲ ಕಾರಣವೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕನ್ನು ವರ್ಷಗಟ್ಟಲೆ ನಡೆಸಿದ ಆಲನ್ ಗ್ರೀನ್‌ಸ್ಪ್ಯಾನ್ ಅವರೇ 2007ರಲ್ಲಿ ಈ ಯುದ್ಧ ಬಹುಪಾಲು ತೈಲದ್ದು ಅಂತ ಬರೆದರು. ನಿಮ್ಮ ಕೈಗೆ ಸಿಗಬೇಕಾಗಿದ್ದ ಸಾಕ್ಷಿ, ಸಿಕ್ಕಿಲ್ಲ. ಆದರೆ 2009ರಲ್ಲಿ ಇರಾಕ್ ಸರ್ಕಾರ ತೈಲ ನಿಕ್ಷೇಪಗಳ ಹರಾಜು ಕರೆದಾಗ ರುಮೈಲಾದಂಥ ಭಾರೀ ನಿಕ್ಷೇಪ ಹೋಗಿದ್ದು ಬ್ರಿಟನ್ನಿನ ಬಿಪಿಗೆ ಮತ್ತು ಚೀನಾದ ಸರ್ಕಾರಿ ಕಂಪನಿಗೆ. ರಷ್ಯಾದ ಲುಕಾಯಿಲ್‌ಗೂ ಒಂದು ದೊಡ್ಡದು ಸಿಕ್ಕಿತು. ಅಮೆರಿಕದ ಎಕ್ಸಾನ್‌ಗೆ ಸಿಕ್ಕಿದ್ದೂ ಉಂಟು, ಆದರೆ ತೈಲ ಒಂದೇ ಕಾರಣ ಅನ್ನುವವರು ಈ ಚೀನಾ ಲೆಕ್ಕಕ್ಕೆ ಏನಾದರೂ ಉತ್ತರ ಕೊಡಬೇಕಾಗುತ್ತೆ. ನೀವು ಕೊಟ್ಟಿಲ್ಲ.

ನನ್ನ ಕೇಳಿದರೆ ಅಸಲಿ ಕಾರಣ ಯಾವುದು ಅನ್ನುವ ಜಗಳವನ್ನೇ ಬರೆಯಿರಿ. ಊರಲ್ಲಿ ಅಣ್ಣತಮ್ಮಂದಿರು ಜಮೀನು ಮಾರುವುದನ್ನು ನೋಡಿದ್ದೀರಲ್ಲ? ಒಬ್ಬನಿಗೆ ಸಾಲ, ಒಬ್ಬನಿಗೆ ಬೆಂಗಳೂರಿನಲ್ಲಿ ಸೈಟು ಬೇಕು, ಇನ್ನೊಬ್ಬನಿಗೆ ಪಕ್ಕದ ಹೊಲದವನ ಮುಖ ನೋಡಿದರೆ ಆಗಲ್ಲ. ಕ್ರಯಪತ್ರದಲ್ಲಿ ಮಾತ್ರ ‘ಸಂಸಾರದ ಅಡಚಣೆಗಾಗಿ’. ಅಮೆರಿಕದ ರಕ್ಷಣಾ ಇಲಾಖೆಯ ಎರಡನೇ ಸ್ಥಾನದಲ್ಲಿದ್ದ ಪಾಲ್ ವೂಲ್ಫೋವಿಟ್ಸ್ 2003ರ ಮೇನಲ್ಲಿ ಹೆಚ್ಚು ಕಡಿಮೆ ಇದನ್ನೇ ಒಪ್ಪಿಕೊಂಡರು: ಕಾರಣಗಳು ಹಲವು ಇದ್ದವು, ಎಲ್ಲರೂ ಒಪ್ಪುವಂಥದ್ದು ಸಾಮೂಹಿಕ ನಾಶದ ಅಸ್ತ್ರ ಒಂದೇ ಆಗಿತ್ತು, ಅದನ್ನೇ ಮುಂದಿಟ್ಟೆವು. ಆ ಅಸ್ತ್ರ ಸಿಗಲೇ ಇಲ್ಲ. ಆಮೇಲೆ ಪ್ರಜಾಪ್ರಭುತ್ವದ ಮಾತು ಜಾಸ್ತಿಯಾಯಿತು. ಇನ್ನೊಂದು ಕಡೆ, 2001ರಲ್ಲಿ ನ್ಯೂಯಾರ್ಕಿನ ಅವಳಿ ಕಟ್ಟಡದ ಮೇಲಾದ ದಾಳಿಯಲ್ಲಿ ಸದ್ದಾಂ ಕೈವಾಡ ಇರಬಹುದು ಅಂತ 2003ರ ಸಮೀಕ್ಷೆಯೊಂದರಲ್ಲಿ ಸುಮಾರು 70% ಅಮೆರಿಕನ್ನರು ಹೇಳಿದ್ದರು. ಅಂಥ ಸಾಕ್ಷಿ ಇಲ್ಲ ಅಂತ ಸೆಪ್ಟೆಂಬರಿನಲ್ಲಿ ಬುಷ್ ಅವರೇ ಹೇಳಬೇಕಾಯಿತು, ಅಷ್ಟರಲ್ಲಿ ಬಾಗ್ದಾದ್ ಬಿದ್ದು ಐದು ತಿಂಗಳಾಗಿತ್ತು.

ಎಂಟನೇ ಪುಟದಲ್ಲಿ ಒಂದು ತಪ್ಪಿದೆ. ನಮ್ಮ ಸಂಸತ್ತು ಅಮೆರಿಕವನ್ನು ‘ಉಗ್ರವಾಗಿ ಖಂಡಿಸಿತು’ ಅಂದಿದ್ದೀರಿ. 2003ರ ಏಪ್ರಿಲ್‌ನಲ್ಲಿ ಲೋಕಸಭೆಯ ನಿರ್ಣಯಕ್ಕೆ ಯಾವ ಪದ ಹಾಕಬೇಕು ಅಂತಲೇ ಜಗ್ಗಾಟ ನಡೆದಿತ್ತು. ವಿರೋಧ ಪಕ್ಷಗಳಿಗೆ ಖಾರದ ಪದ ಬೇಕು, ವಾಜಪೇಯಿ ಸರ್ಕಾರಕ್ಕೆ ಸಪ್ಪೆ ಇದ್ದರೆ ಸಾಕು. ಕೊನೆಗೆ ಹಿಂದಿಯಲ್ಲಿ ‘ನಿಂದಾ’, ಇಂಗ್ಲಿಷಿನಲ್ಲಿ ಖಂಡನೆಗಿಂತ ಒಂದು ಮೆಟ್ಟಿಲು ಕೆಳಗಿನ ‘ಡಿಪ್ಲೋರ್’. ಎರಡೂ ಕಡೆಯವರು ಗೆದ್ದೆವು ಅಂತ ಮನೆಗೆ ಹೋದರು. ಇಂಥದ್ದನ್ನು ಬಿಟ್ಟು ‘ಉಗ್ರವಾಗಿ’ ಅನ್ನುವ ಸವಕಲು ಪದ ಯಾಕೆ ಹಾಕುತ್ತೀರಿ?

ವಾಲ್ಟರ್ ಜೋನ್ಸ್ ಬಗ್ಗೆ ಓದಿ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಸಂಸದರಾಗಿದ್ದವರು, ಬುಷ್ ಪಕ್ಷದವರೇ. ಫ್ರಾನ್ಸ್ ಯುದ್ಧ ಬೇಡ ಅಂದಿತು ಅನ್ನುವ ಸಿಟ್ಟಿಗೆ ಸಂಸತ್ತಿನ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸನ್ನು ‘ಫ್ರೀಡಂ ಫ್ರೈಸ್’ ಮಾಡಿಸಿದವರಲ್ಲಿ ಒಬ್ಬರು. ಅದೇ ವಸಂತದಲ್ಲಿ ಒಬ್ಬ ಸೈನಿಕನ ಅಂತ್ಯಕ್ರಿಯೆಗೆ ಹೋಗಿ ಬಂದರು. ನಿಧಾನಕ್ಕೆ ಮನಸ್ಸು ತಿರುಗಿತು. 2005ರ ಹೊತ್ತಿಗೆ ಸೇನೆ ವಾಪಸ್ ಬರಲಿ ಅಂತ ಸ್ವಂತ ಪಕ್ಷದ ವಿರುದ್ಧ ನಿಂತರು, ಸತ್ತ ಸೈನಿಕರ ಮನೆಗಳಿಗೆ ಸಾವಿರಾರು ಪತ್ರ ಬರೆದರು. ಆ ಮನುಷ್ಯ ಮೊದಲು ನಂಬಿದ್ದೇನು, ಯಾವುದು ಕಳಚಿ ಬಿತ್ತು, ಇದನ್ನು ನಿಮ್ಮ ಚಿಕ್ಕಪ್ಪನ ಟೇಪಿನ ಪಕ್ಕ ಇಟ್ಟು ನೋಡಿ.

ಚಿಕ್ಕಪ್ಪನಿಗೆ ಇವತ್ತೇ ಫೋನ್ ಮಾಡಿ. ಆ ಟೇಪ್ ಯಾವಾಗ ಕಿತ್ತರು, ಕಿತ್ತಾಗ ರೂಮಿನಲ್ಲಿ ಏನು ಮಾತಾಡಿಕೊಂಡರು ಕೇಳಿ. ಸಾವಿರದ ಇನ್ನೂರು ಪದದೊಳಗೆ ಬರೆದು ಕಳಿಸಿ, ಓದುತ್ತೇನೆ. ದಯವಿಟ್ಟು ಟೈಪ್ ಮಾಡಿ. ನಿಮ್ಮ ಕೈಬರಹ ಚೆನ್ನಾಗಿದೆ, ಆದರೆ ವಾಟ್ಸಾಪ್ ಫೋಟೋದಲ್ಲಿ ಆರನೇ ಪುಟದ ಅರ್ಧಕ್ಕೆ ನಿಮ್ಮ ಹೆಬ್ಬೆರಳು ಅಡ್ಡ ಬಂದಿದೆ.