ವಾಯೇಜರ್ ನೌಕೆಗೆ 1977ರಿಂದ ಕರೆಂಟ್ ಎಲ್ಲಿಂದ ಬರುತ್ತಿದೆ?

ಹೊರಗ್ರಹಗಳನ್ನೂ ದಾಟಿ ಹೋಗಿರುವ ಈ ನಾಸಾ ನೌಕೆ ಇರುವಷ್ಟು ದೂರದಲ್ಲಿ ಸೂರ್ಯನ ಬೆಳಕು ತೀರಾ ಕಡಿಮೆ, ಸೋಲಾರ್ ಪ್ಯಾನೆಲ್ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಆಧಾರ ಪ್ಲುಟೋನಿಯಂ-238 ಎಂಬ ವಿಕಿರಣಶೀಲ ಇಂಧನ. ಇದರ ಪರಮಾಣುಗಳು ತಾವಾಗಿಯೇ ಆಲ್ಫಾ ಕಣಗಳೆಂಬ ಪುಟ್ಟ ತುಣುಕುಗಳನ್ನು ಹೊರಗೆಸೆಯುತ್ತವೆ. ಆ ಕಣಗಳು ಇಂಧನದೊಳಗೇ ಡಿಕ್ಕಿ ಹೊಡೆದು ನಿಲ್ಲುತ್ತವೆ. ಬಿಸಿ ಹುಟ್ಟುವುದು ಅಲ್ಲಿ. ಉಗಿ ಇಲ್ಲ, ಟರ್ಬೈನೂ ಇಲ್ಲ.

ಬಿಸಿ ಕರೆಂಟ್ ಆಗುವುದು ಹೇಗೆ ಅಂತೀರಾ? ಒಂದು ತಾಮ್ರದ ತಂತಿ, ಒಂದು ಕಬ್ಬಿಣದ ತಂತಿ ತೆಗೆದುಕೊಳ್ಳಿ. ಎರಡೂ ಕಡೆಯ ತುದಿಗಳನ್ನು ಜೋಡಿಸಿ ಹೊಸೆಯಿರಿ. ಒಂದು ಗಂಟನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಐಸ್ ನೀರಿನಲ್ಲಿ ಇಟ್ಟರೆ ತಂತಿಯಲ್ಲಿ ಚೂರೇ ಚೂರು ಕರೆಂಟ್ ಹರಿಯುತ್ತದೆ. ವಿಜ್ಞಾನಿ ಸೀಬೆಕ್ 1821ರಲ್ಲಿ ಗಮನಿಸಿದ ಪರಿಣಾಮ ಇದೇ. ವಾಯೇಜರ್‌ನಲ್ಲಿ ತಂತಿಯ ಬದಲು ಸಿಲಿಕಾನ್-ಜರ್ಮೇನಿಯಂ ತುಂಡುಗಳಿವೆ. ಒಂದು ತುದಿ ಸುಮಾರು 1000 ಡಿಗ್ರಿ ಕಾದಿರುತ್ತದೆ, ಇನ್ನೊಂದು ತುದಿಯ ಬಿಸಿ ಬಾಹ್ಯಾಕಾಶಕ್ಕೆ ಹೋಗುತ್ತದೆ.

ನೌಕೆಯಲ್ಲಿರುವ ಇಂಥ ಮೂರು ಜನರೇಟರ್‌ಗಳ ಸುಮಾರು 7000 ವ್ಯಾಟ್ ಬಿಸಿಯಿಂದ ಉಡಾವಣೆಯ ಹೊತ್ತಿಗೆ ಸಿಕ್ಕಿದ್ದು ಬರೀ 470 ವ್ಯಾಟ್ ಕರೆಂಟ್. ಕಡಿಮೆಯೇ, ನಿಜ. ಆದರೆ ತಿರುಗುವ ಒಂದು ಭಾಗವೂ ಇಲ್ಲ, ಸವೆಯುವ ಬೇರಿಂಗೂ ಇಲ್ಲ. ರಿಪೇರಿಗೆ ಯಾರೂ ಹೋಗಲಾಗದ ಕಡೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ?

ಪ್ಲುಟೋನಿಯಂ ಸುಮಾರು 88 ವರ್ಷಕ್ಕೆ ಅರ್ಧವಾಗುತ್ತದೆ, ಸಿಲಿಕಾನ್-ಜರ್ಮೇನಿಯಂ ತುಂಡುಗಳ ಶಕ್ತಿಯೂ ಕುಂದುತ್ತದೆ. ವರ್ಷಕ್ಕೆ ಸುಮಾರು 4 ವ್ಯಾಟ್ ಇಳಿಕೆ. ಅದಕ್ಕೇ ನಾಸಾದವರು ಉಪಕರಣಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಬಂದಿದ್ದಾರೆ.